ಒಂದೆರಡು ಬ್ಯಾರಲ್ಲಿನ ಸಿರಾ: ಪುಣೆಯ ಮನೆಯಲ್ಲಿ ಕೂತು ಸವಿಯುವ ಬಗೆ

ವೈನ್ ಇಡುವ ಸಣ್ಣ ಓಕ್ ಮರದ ಬ್ಯಾರಲ್ ಸಾಮಾನ್ಯವಾಗಿ 225 ಲೀಟರಿನದು. ಬಾಟಲಿ 750 ಮಿಲಿಲೀಟರ್. ಭಾಗಿಸಿ ನೋಡಿ, 300 ಬಾಟಲಿ. ತಳದ ಗಸಿ, ಆವಿಯಾಗಿ ಹೋದದ್ದು ಕಳೆದರೆ ಇನ್ನೂ ಕಡಿಮೆ. ಒಂದು ಟನ್ ದ್ರಾಕ್ಷಿಯಿಂದ ಹೆಚ್ಚೆಂದರೆ ಮೂರು ಬ್ಯಾರಲ್ ಬರುತ್ತದೆ. ಹಾಗಾಗಿ ಯಾವುದೋ ವೈನರಿ ತೋಟದ ಒಂದು ಮೂಲೆಯ ಹಣ್ಣನ್ನು ಬೇರೆಯಾಗಿಟ್ಟು ಎರಡೋ ಮೂರೋ ಬ್ಯಾರಲ್ ಸಿರಾ (ಶಿರಾಜ್ ಅಂತಲೂ ಕರೆಯುವ ದ್ರಾಕ್ಷಿಯ ಕೆಂಪು ವೈನ್) ಮಾಡಿತು ಅಂದರೆ, ಲೋಕಕ್ಕೆಲ್ಲ ಸೇರಿ ಅದು ಸಾವಿರ ಬಾಟಲಿಯೂ ಆಗಲಿಲ್ಲ.

ದೊಡ್ಡ ಕಂಪನಿಗಳು ನೂರಾರು ಬ್ಯಾರಲ್, ಟ್ಯಾಂಕುಗಳ ವೈನ್ ಬೆರೆಸುತ್ತವೆ. ಹೋದ ವರ್ಷದ ರುಚಿಯೇ ಈ ವರ್ಷವೂ ಸಿಗಬೇಕು ಅನ್ನೋದು ಅವರ ಲೆಕ್ಕ. ಅದೂ ಒಂದು ಕಸುಬೇ, ತಪ್ಪೇನಿಲ್ಲ. ಸಣ್ಣ ಪ್ರಮಾಣದಲ್ಲಿ ಮಾಡುವವರ ಬಳಿ ಬೆರೆಸಿ ಸರಿಮಾಡೋಕೆ ಬೇರೆ ಬ್ಯಾರಲ್ ಇರುವುದಿಲ್ಲ. ಆ ವರ್ಷದ ಬಿಸಿಲು, ಆ ತುಂಡು ನೆಲ, ಮಾಡಿದವರ ಒಂದೊಂದು ತೀರ್ಮಾನ, ಎಲ್ಲವೂ ಕುಂದು ಸಮೇತ ಬಾಟಲಿಗೆ ಇಳಿಯುತ್ತದೆ.

ಅದನ್ನು ಹಿಡಿಯಬೇಕಾದರೆ ಮೂರು ಬೇಕು. ಸರಿಯಾದ ತಂಪು, ಹೋಲಿಸಿ ನೋಡೋಕೆ ಪಕ್ಕದಲ್ಲಿ ಇನ್ನೊಂದು ಗ್ಲಾಸು, ಮತ್ತೆ ಸಮಯ. ವೈನ್ ಪತ್ರಿಕೆಗಳ ಶಬ್ದಭಂಡಾರ ಬೇಡ. ಪಕ್ಕದ ಮನೆಯ ಒಗ್ಗರಣೆ ಸೀದದ್ದನ್ನು ಕೂತಲ್ಲಿಂದಲೇ ಹೇಳುವ ಮೂಗು ನಮ್ಮದು. ಅದು ಸಾಕು.

ಪುಣೆಯ ಕೋಥ್ರೂಡಿನಲ್ಲಿ ನಾವು ಕೆಲವು ಕನ್ನಡದವರು ಆಗೀಗ ಹೀಗೆ ಸೇರುತ್ತೇವೆ. ವಿಜಯಪುರದ ದ್ರಾಕ್ಷಿ ತೋಟದ ಮನೆಯ ರಾಯರೊಬ್ಬರು, ಶಿರಸಿ ಕಡೆಯ ಗೆಳೆಯ, ಕುಂದಾಪುರದ ಅಕ್ಕ, ಹೀಗೆ. ಮುಂದೆ ಹೇಳುವ ಕ್ರಮ ಆ ಸಂಜೆಗಳಲ್ಲಿ ತಾನಾಗಿ ಪಳಗಿದ್ದು.

ಮೊದಲು ದ್ರಾಕ್ಷಿಯ ಪರಿಚಯ

ಸಿರಾ, ಶಿರಾಜ್ ಎರಡೂ ಒಂದೇ ದ್ರಾಕ್ಷಿ. ಇದು ಇರಾನಿನ ಶಿರಾಜ್ ಊರಿನಿಂದ ಬಂತು ಅನ್ನುವ ಕತೆಯನ್ನು ಪ್ರತಿ ಪಾರ್ಟಿಯಲ್ಲೂ ಯಾರಾದರೂ ಒಬ್ಬರು ಹೇಳುತ್ತಾರೆ. ಕೇಳೋಕೆ ಚೆಂದ, ಆದರೆ ನಿಜವಲ್ಲ. 1990ರ ದಶಕದ ಕೊನೆಯಲ್ಲಿ ನಡೆದ ಡಿಎನ್‌ಎ ಪರೀಕ್ಷೆಯಲ್ಲಿ ಇದರ ತಂದೆತಾಯಿ ಸಿಕ್ಕವು. ದುರೇಜಾ ಮತ್ತು ಮೊಂಡ್ಯೂಸ್ ಬ್ಲಾಂಶ್, ಎರಡೂ ಫ್ರಾನ್ಸಿನ ಆಗ್ನೇಯ ಭಾಗದ ಹಳೆಯ ತಳಿಗಳು. ಅಲ್ಲಿನ ರೋನ್ ನದಿಯ ಕಡಿದಾದ ದಂಡೆಯ ಎರ್ಮಿಟಾಜ್, ಕೋತ್ ರೋಟಿ, ಕೊರ್ನಾಸ್ ಇದರ ಹಳೆಯ ಮನೆಗಳು. 1832ರಲ್ಲಿ ಜೇಮ್ಸ್ ಬಸ್ಬಿ ಯುರೋಪಿನಿಂದ ಆಸ್ಟ್ರೇಲಿಯಾಕ್ಕೆ ಒಯ್ದ ಬಳ್ಳಿಯ ತುಂಡುಗಳಲ್ಲಿ ಇದೂ ಇತ್ತು. ಆ ಕಡೆ ಶಿರಾಜ್ ಹೆಸರೇ ನಿಂತಿತು.

ಈಗ ಲೇಬಲ್ ಮೇಲೆ ಸಿರಾ ಎಂದಿದ್ದರೆ ಸಾಮಾನ್ಯವಾಗಿ ಫ್ರೆಂಚ್ ದಾರಿಯ, ಸ್ವಲ್ಪ ತೆಳು ಮೈಯ, ಮೆಣಸಿನ ಘಮದ ವೈನ್ ಮಾಡೋಕೆ ಹೊರಟಿದ್ದಾರೆ ಅಂತ ಅರ್ಥ. ಶಿರಾಜ್ ಎಂದಿದ್ದರೆ ಮಾಗಿದ ಹಣ್ಣು, ದಪ್ಪ ಮೈ. ಇದಕ್ಕೆ ಕಾನೂನೇನೂ ಇಲ್ಲ, ಬರೀ ಸೂಚನೆ.

ನಮ್ಮ ದಖ್ಖನ್ನಿನಲ್ಲಿ ಬೆಳೆಯುವ ರೀತಿಯೇ ಬೇರೆ. ವಿಜಯಪುರದ ರಾಯರು ಇದನ್ನು ವಿವರಿಸಲು ಕೂತರೆ ಗ್ಲಾಸು ಬಿಸಿಯಾಗುವ ತನಕ ನಿಲ್ಲಿಸುವುದಿಲ್ಲ. ಬಳ್ಳಿಗೆ ವರ್ಷಕ್ಕೆ ಎರಡು ಸಲ ಚಾಟಣಿ, ಅಂದರೆ ಕಡ್ಡಿ ಕತ್ತರಿಸುವುದು. ಏಪ್ರಿಲ್ ಚಾಟಣಿ ಹೊಸ ಕಡ್ಡಿ ಬೆಳೆಯೋಕೆ, ಸೆಪ್ಟೆಂಬರ್-ಅಕ್ಟೋಬರ್ ಚಾಟಣಿ ಹಣ್ಣಿಗೆ. ಮಳೆಗಾಲದಲ್ಲಿ ಬಳ್ಳಿ ಬರೀ ಎಲೆ ಬಿಟ್ಟುಕೊಂಡಿರುತ್ತದೆ. ಹಣ್ಣು ಕೂರುವುದು, ಮಾಗುವುದು ಚಳಿಗಾಲದಲ್ಲಿ. ಕೊಯ್ಲು ಜನವರಿಯಿಂದ ಮಾರ್ಚ್ ನಡುವೆ. ನಾಸಿಕ್ ಕಡೆ ಡಿಸೆಂಬರ್ ರಾತ್ರಿ 10 ಡಿಗ್ರಿ ಆಸುಪಾಸಿಗೆ ಇಳಿಯುವುದುಂಟು, ಹಗಲು ಚೆನ್ನಾಗಿ ಬಿಸಿಲು. ಈ ಅಂತರ ಸಿರಾಗೆ ಒಳ್ಳೆಯದು. ಹುಳಿ ಪೂರ್ತಿ ಕಳೆದುಹೋಗದೆ ಸಿಹಿ ಕೂಡುತ್ತದೆ.

ಇದರಿಂದ ಬಾಟಲಿ ಓದುವಾಗ ಒಂದು ಲೆಕ್ಕ ಬದಲಾಗುತ್ತದೆ. ಫ್ರಾನ್ಸಿನಲ್ಲಿ ಕೊಯ್ಲು ಸೆಪ್ಟೆಂಬರ್ ಹೊತ್ತಿಗೆ. ಹಾಗಾಗಿ ಲೇಬಲ್ ಮೇಲೆ ಒಂದೇ ಇಸವಿ ಇದ್ದರೂ ನಾಸಿಕ್ ವೈನ್ ಅರ್ಧ ವರ್ಷ ಹಿರಿಯದು.

ಬಾಟಲಿ ಆರಿಸುವುದು

ಎರಡು ಬಾಟಲಿ ಬೇಕು. ಒಂದು ಸಣ್ಣ ಪ್ರಮಾಣದ್ದು, ಇನ್ನೊಂದು ಎಲ್ಲ ಕಡೆ ಸಿಗುವ ಶಿರಾಜ್. ಎರಡನೆಯದಕ್ಕೆ ಸುಲಾ ಅಥವಾ ಯಾರ್ಕ್ ಶಿರಾಜ್ ಆಗುತ್ತದೆ. ಅದು ನಮ್ಮ ಅಳತೆಗೋಲು. ಅದರಲ್ಲಿ ಇಲ್ಲದ್ದು ಮೊದಲನೆಯದರಲ್ಲಿ ಏನಿದೆ ಅಂತ ನೋಡಿದರೆ ಅರ್ಧ ಕೆಲಸ ಆಯಿತು.

ಸಣ್ಣ ವೈನರಿಗಳಲ್ಲಿ ನಾಸಿಕ್ ಜಿಲ್ಲೆಯ ನಿಫಾಡ್ ಕಡೆಯ ರೆವೆಯ್ಲೋ ಸಿರಾ ಮಾಡುತ್ತಾರೆ. ನಮ್ಮ ನಂದಿ ಬೆಟ್ಟದ ತಪ್ಪಲಿನ ಎಸ್‌ಡಿಯು ವೈನರಿಯದೂ ಸಿರಾ ಇದೆ. ನಂದಿ ಕಡೆ ದೊಡ್ಡಬಳ್ಳಾಪುರದಲ್ಲಿ 1988ರಲ್ಲಿ ಶುರುವಾದ ಗ್ರೋವರ್ ಅವರ ಲಾ ರಿಸರ್ವ್ ಸಣ್ಣದೂ ಅಲ್ಲ, ಪೂರ್ತಿ ಸಿರಾವೂ ಅಲ್ಲ. ಕ್ಯಾಬರ್ನೆ ಜೊತೆ ಬೆರೆಸಿದ್ದು. ಆದರೆ ಶಿರಾಜ್ ಬೇರೆ ದ್ರಾಕ್ಷಿಯ ಜೊತೆ ಹೇಗೆ ನಡೆದುಕೊಳ್ಳುತ್ತದೆ ಅಂತ ತಿಳಿಯೋಕೆ ಒಳ್ಳೆಯದು.

ಒಂದೆರಡು ಬ್ಯಾರಲ್ಲಿನ ವೈನ್ ಬಹಳ ಸಲ ವೈನರಿಯಲ್ಲೇ ಖಾಲಿಯಾಗುತ್ತದೆ. ಪುಣೆಯಿಂದ ನಾಸಿಕ್ ಒಂದು ದಿನದ ಮಾತು. ಫೆಬ್ರವರಿಯಲ್ಲಿ ಹೋದರೆ ಕೊಯ್ಲೂ ನೋಡಬಹುದು. ಅಲ್ಲಿ ಮೂರು ಪ್ರಶ್ನೆ ಕೇಳಿ. ಎಷ್ಟು ಬ್ಯಾರಲ್ ಮಾಡಿದಿರಿ? ಓಕ್ ಹೊಸದೋ ಹಳೆಯದೋ? ದ್ರಾಕ್ಷಿಯನ್ನು ಗೊಂಚಲು ಸಮೇತ ಹುದುಗಿಸಿದಿರೋ, ತೊಟ್ಟು ಬಿಡಿಸಿಯೋ? ಉತ್ತರ ಬರೆದಿಟ್ಟುಕೊಳ್ಳಿ, ಆದರೆ ಸವಿಯುವ ತನಕ ಮತ್ತೆ ಓದಬೇಡಿ. ‘ಸ್ಮಾಲ್ ಬ್ಯಾಚ್’ ಅಂತ ಚಿನ್ನದ ಅಕ್ಷರದಲ್ಲಿ ಅಚ್ಚುಹಾಕಿ ಎಷ್ಟು ಬಾಟಲಿ ಅಂತ ಹೇಳದವರ ಮೇಲೆ ನನಗೆ ಅಷ್ಟು ನಂಬಿಕೆಯಿಲ್ಲ.

ಅಂಗಡಿಯಲ್ಲಿ ಕೊಂಡರೆ ಲೇಬಲ್‌ಗಿಂತ ಮೊದಲು ಅಂಗಡಿ ನೋಡಿ. ವೈನಿಗೆ ಶಾಖವೇ ಶತ್ರು. ಏಪ್ರಿಲ್-ಮೇನಲ್ಲಿ ಪುಣೆ 40 ಡಿಗ್ರಿ ಮುಟ್ಟುತ್ತದೆ. ಬಿಸಿಲು ಬೀಳುವ ಗಾಜಿನ ಕಪಾಟಿನಲ್ಲಿ ನಿಂತ ಬಾಟಲಿ ಎಷ್ಟೇ ಒಳ್ಳೆಯದಾಗಿದ್ದರೂ ಬೇಡ. ಕಾರ್ಕ್ ಸ್ವಲ್ಪ ಮೇಲೆದ್ದಿದ್ದರೆ, ಮುಚ್ಚಳದ ಹತ್ತಿರ ಅಂಟಂಟಾಗಿದ್ದರೆ, ವೈನಿನ ಮಟ್ಟ ಕುತ್ತಿಗೆಯಿಂದ ಕೆಳಗಿಳಿದಿದ್ದರೆ ಅದು ಬೆಂದ ಬಾಟಲಿ. ತಿರುಪು ಮುಚ್ಚಳ ಕಂಡು ಅಗ್ಗದ್ದು ಅಂದುಕೊಳ್ಳಬೇಡಿ. ನಮ್ಮ ಹವಾಮಾನಕ್ಕೆ ಅದೇ ಹೆಚ್ಚು ಭದ್ರ.

ಕಾನೂನಿನ ಮಾತು ಒಂದು. ಮಹಾರಾಷ್ಟ್ರದಲ್ಲಿ ಕೊಳ್ಳೋಕೆ, ಇಟ್ಟುಕೊಳ್ಳೋಕೆ, ಕುಡಿಯೋಕೆ ಪರ್ಮಿಟ್ ಬೇಕು. 1949ರ ಪಾನನಿಷೇಧ ಕಾಯ್ದೆ ಇನ್ನೂ ಇದೆ. ಗೋವಾದಲ್ಲಿ ಅಗ್ಗ ಅಂತ ಡಿಕ್ಕಿ ತುಂಬ ತರುವ ಯೋಚನೆ ಇದ್ದರೆ ಮೊದಲು ಅಬಕಾರಿ ಪರವಾನಗಿ ನೋಡಿಕೊಳ್ಳಿ. ಬೆಂಗಳೂರಿನಿಂದ ತರುವುದಕ್ಕೂ ಇದೇ ಮಾತು.

ತಂಪು ಮಾಡುವುದು

ಕೆಂಪು ವೈನನ್ನು ಕೋಣೆಯ ಉಷ್ಣತೆಯಲ್ಲಿ ಕುಡಿಯಬೇಕು ಅನ್ನುತ್ತಾರೆ. ಆ ಕೋಣೆ ಫ್ರಾನ್ಸಿನ ಹಳೆಯ ಕಲ್ಲಿನ ಮನೆಯದು, ಪುಣೆಯ ಮೂರನೇ ಮಹಡಿಯ ಫ್ಲ್ಯಾಟಿನದಲ್ಲ. ಸಿರಾಗೆ 16ರಿಂದ 18 ಡಿಗ್ರಿ ಬೇಕು. 30 ಡಿಗ್ರಿಯಲ್ಲಿ ಮದ್ಯಸಾರದ ಘಾಟು ಮೂಗಿಗೆ ರಪ್ಪನೆ ಹೊಡೆಯುತ್ತದೆ, ಹಣ್ಣು ಜಾಮ್ ಆಗುತ್ತದೆ, ಮೆಣಸು ಎಲ್ಲೋ ಅಡಗುತ್ತದೆ. ತೀರಾ ತಣ್ಣಗಾದರೆ ಘಮ ಮುಚ್ಚಿಕೊಂಡು ಒಗರು ಮಾತ್ರ ಎದ್ದು ಕಾಣುತ್ತದೆ. ‘ಭಾರತದ ರೆಡ್ ವೈನ್ ಬರೀ ಘಾಟು’ ಅನ್ನುವವರಲ್ಲಿ ಬಹಳ ಮಂದಿ ಅದನ್ನು ಬಿಸಿ ಕುಡಿದವರು ಅಂತ ನನ್ನ ಗುಮಾನಿ.

30 ಡಿಗ್ರಿಯ ಬಾಟಲಿ ಫ್ರಿಜ್‌ನಲ್ಲಿ 17ಕ್ಕೆ ಇಳಿಯಲು ಸುಮಾರು ಒಂದೂವರೆ ಗಂಟೆ ಬೇಕು. ಹದಿನೈದು ನಿಮಿಷ ಇಟ್ಟರೆ ಗಾಜು ಮಾತ್ರ ತಣ್ಣಗಾಗುತ್ತದೆ. ಅವಸರ ಇದ್ದರೆ ಬಕೆಟ್‌ನಲ್ಲಿ ಅರ್ಧ ಐಸು, ಅರ್ಧ ನೀರು ಹಾಕಿ ಕುತ್ತಿಗೆ ತನಕ ಮುಳುಗಿಸಿ, ಹತ್ತು ಹನ್ನೆರಡು ನಿಮಿಷ ಸಾಕು. ಬರೀ ಐಸು ಹಾಕಿದರೆ ನಡುವೆ ಗಾಳಿ ಇರುವುದರಿಂದ ಜಾಸ್ತಿ ಹೊತ್ತು ಹಿಡಿಯುತ್ತದೆ. ನೀರು ಬೇಕೇ ಬೇಕು. ಅಡುಗೆಮನೆಯ ಥರ್ಮಾಮೀಟರ್ ಇದ್ದರೆ ಮೊದಲ ಸಲ ಅಳೆದು ನೋಡಿ, ಆಮೇಲೆ ಕೈಗೇ ಗೊತ್ತಾಗುತ್ತದೆ. 15ಕ್ಕೆ ಇಳಿಸಿ ಶುರುಮಾಡುವುದು ಜಾಣತನ. ಗ್ಲಾಸಿನಲ್ಲಿ ಅದು ಬೇಗ ಏರುತ್ತದೆ.

ಜಾಗ, ಗ್ಲಾಸು

ಅಂದು ಸಂಜೆ ಊದುಬತ್ತಿ, ಸಾಂಬ್ರಾಣಿ ಬೇಡ. ಮಲ್ಲಿಗೆ ಮುಡಿದವರು ಬೇಸರ ಮಾಡಿಕೊಳ್ಳಬಾರದು, ಹೂವನ್ನು ಒಂದು ಗಂಟೆ ಬೇರೆ ಕೋಣೆಯಲ್ಲಿಟ್ಟರೆ ಆಯಿತು. ಸೆಂಟ್, ಎಲೆಅಡಿಕೆ, ಆಗತಾನೆ ಕುಡಿದ ಫಿಲ್ಟರ್ ಕಾಫಿ, ಎಲ್ಲ ಅಡ್ಡಿ. ಅಡುಗೆ ಮೊದಲೇ ಮುಗಿಸಿ ಕಿಟಕಿ ತೆಗೆದಿಡಿ.

ಗ್ಲಾಸು ದುಬಾರಿಯದೇ ಬೇಕಿಲ್ಲ. ಬಾಯಿ ಸ್ವಲ್ಪ ಕಿರಿದು, ಹೊಟ್ಟೆ ಅಗಲ, ತೆಳು ಗಾಜು ಇದ್ದರೆ ಸಾಕು. ವೃತ್ತಿಯವರು ಬಳಸುವ ಐಎಸ್‌ಒ ಗ್ಲಾಸು ಬರೀ 215 ಮಿಲಿಲೀಟರಿನದು, ಅದರಲ್ಲಿ 50 ಮಿಲಿ ಹಾಕುತ್ತಾರೆ. ಫುಟ್‌ಬಾಲ್ ಗಾತ್ರದ ಗ್ಲಾಸು ಫೋಟೋಕ್ಕೆ ಚೆಂದ ಅಷ್ಟೇ. ಎಲ್ಲರಿಗೂ ಒಂದೇ ಬಗೆಯ ಗ್ಲಾಸು, ತಲೆಗೆ ಎರಡೆರಡು. ಪಾತ್ರೆ ಸೋಪಿನ ನಿಂಬೆ ವಾಸನೆ ಉಳಿದಿದೆಯಾ ಅಂತ ಖಾಲಿ ಗ್ಲಾಸನ್ನೇ ಮೂಸಿ ನೋಡಿ. ಕಪಾಟಿನಲ್ಲಿ ಬೋರಲು ಇಟ್ಟ ಗ್ಲಾಸಿನಲ್ಲಿ ಮರದ ಮುಗ್ಗಲು ಕೂತಿರುತ್ತದೆ.

ಇನ್ನು ಬೇಕಾದ್ದು ಬಿಳಿ ಕಾಗದ, ನೀರು, ಉಪ್ಪು ಹಾಕದ ಬ್ರೆಡ್ಡು ಅಥವಾ ಬರೀ ಅನ್ನ, ಉಗುಳಲು ಒಂದು ಸ್ಟೀಲ್ ಚೊಂಬು. ಉಗುಳುವುದಕ್ಕೆ ಮೊದಲು ಎಲ್ಲರಿಗೂ ನಾಚಿಕೆ. ಆದರೆ ನಾಲ್ಕನೇ ಗುಟುಕಿನ ಹೊತ್ತಿಗೂ ನಾಲಿಗೆ ಚುರುಕಾಗಿರಬೇಕಾದರೆ ಅದೇ ದಾರಿ. ಕುಡಿಯದವರು ಕೂಡ ಮೂಸಿ ನೋಡಿ ಪಾಲ್ಗೊಳ್ಳಬಹುದು. ನಮ್ಮಲ್ಲಿ ಅತಿ ಚುರುಕು ಮೂಗು ಒಂದು ತೊಟ್ಟೂ ಕುಡಿಯದ ಅಕ್ಕನದು.

ತೆರೆಯುವುದು, ಸುರಿಯುವುದು

ಎರಡೂ ಬಾಟಲಿಗೆ ಪೇಪರ್ ಸುತ್ತಿ ಒಂದು, ಎರಡು ಅಂತ ಬರೆಯಿರಿ. ಯಾವುದು ಯಾವುದು ಅಂತ ಸುತ್ತಿದವರಿಗೆ ಮಾತ್ರ ಗೊತ್ತಿರಲಿ. ಬೆಲೆ ಗೊತ್ತಾದರೆ ನಾಲಿಗೆ ಸುಳ್ಳು ಹೇಳುತ್ತದೆ.

ಸಣ್ಣ ಪ್ರಮಾಣದ ವೈನನ್ನು ಕೆಲವರು ಸೋಸದೇ ತುಂಬುತ್ತಾರೆ. ಹಾಗಾಗಿ ತಳದಲ್ಲಿ ಗಸಿ ಇರಬಹುದು. ಅದರಿಂದ ತೊಂದರೆಯಿಲ್ಲ, ಆದರೆ ನಾಲಿಗೆಗೆ ಮರಳುಮರಳು. ಹಿಂದಿನ ದಿನವೇ ಬಾಟಲಿಯನ್ನು ನೆಟ್ಟಗೆ ನಿಲ್ಲಿಸಿ, ಸುರಿಯುವಾಗ ಕೊನೆಯ ಎರಡು ಬೆರಳಷ್ಟು ಬಿಟ್ಟುಬಿಡಿ.

ತಕ್ಷಣ ಡಿಕ್ಯಾಂಟರಿಗೆ, ಅಂದರೆ ವೈನಿಗೆ ಗಾಳಿ ತಾಗಿಸುವ ಗಾಜಿನ ಹೂಜಿಗೆ, ಸುರಿಯಬೇಡಿ. ಮೊದಲ 50 ಮಿಲಿ ತೆರೆದ ಕೂಡಲೇ ಸವಿಯಬೇಕು. ಎರಡನೆಯದು ಅರ್ಧ ಗಂಟೆಯ ಮೇಲೆ, ಮೂರನೆಯದು ಒಂದೂವರೆ ಗಂಟೆಯ ಮೇಲೆ. ಒಂದು ಲೋಟದಷ್ಟನ್ನು ಮರುದಿನಕ್ಕೂ ಉಳಿಸಿ.

ಯಾಕೆಂದರೆ ಸಿರಾಗೆ ಒಂದು ಚಾಳಿ ಇದೆ. ಗಾಳಿ ತಾಗದೆ ಇದ್ದಾಗ ಗಂಧಕದ ಸಂಬಂಧದ ವಾಸನೆಗಳನ್ನು ಕಟ್ಟಿಕೊಳ್ಳುತ್ತದೆ. ತೆರೆದ ಕೂಡಲೇ ಬೆಂಕಿಕಡ್ಡಿ ಗೀರಿದ ವಾಸನೆ, ರಬ್ಬರು, ಕೆಲವೊಮ್ಮೆ ಬೇಯಿಸಿದ ಮೊಟ್ಟೆ. ಹೊಸಬರು ಇದನ್ನು ಕೆಟ್ಟ ವೈನ್ ಅಂದುಕೊಂಡು ಸಿಂಕಿಗೆ ಸುರಿಯುತ್ತಾರೆ. ತಾಳಿ. ಗ್ಲಾಸನ್ನು ಜೋರಾಗಿ ತಿರುಗಿಸಿ ಹತ್ತು ನಿಮಿಷ ಬಿಡಿ, ಬಹುಪಾಲು ಹಾರಿಹೋಗುತ್ತದೆ. ಹೋಗದಿದ್ದರೆ ನಮ್ಮ ಮನೆಗಳಲ್ಲೇ ಒಂದು ಉಪಾಯ ಇದೆ. ಹುಣಸೆಹಣ್ಣು ಹಾಕಿ ತಿಕ್ಕಿ ಚೆನ್ನಾಗಿ ತೊಳೆದ ತಾಮ್ರದ ಚಮಚವನ್ನು ಒಂದು ಗ್ಲಾಸಿನಲ್ಲಿ ಅರ್ಧ ನಿಮಿಷ ಆಡಿಸಿ. ತಾಮ್ರ ಆ ಗಂಧಕದ ಅಂಶವನ್ನು ಹಿಡಿದುಕೊಳ್ಳುತ್ತದೆ. ವಾಸನೆ ತಟ್ಟನೆ ಇಳಿದರೆ ಕಾರಣ ಅದೇ ಅಂತ ಖಾತ್ರಿ. ಇದು ಪರೀಕ್ಷೆಗೆ ಮಾತ್ರ, ಇಡೀ ಬಾಟಲಿಗೆ ಮಾಡಬೇಡಿ. ಉಳಿದದ್ದನ್ನು ಈಗ ಡಿಕ್ಯಾಂಟರಿಗೋ ಗಾಜಿನ ಜಗ್ಗಿಗೋ ಸುರಿದು ಗಾಳಿಗೆ ಬಿಡಿ.

ಆದರೆ ಮಳೆಗಾಲದ ಹಳೆ ನ್ಯೂಸ್‌ಪೇಪರ್ ಕಟ್ಟಿನ ಮುಗ್ಗಲು ವಾಸನೆ ಬಂದರೆ ಅದು ಕಾರ್ಕಿನ ದೋಷ. ಗಾಳಿಗಿಟ್ಟರೆ ಜಾಸ್ತಿಯಾಗುತ್ತದೆ ಹೊರತು ಕಡಿಮೆಯಾಗುವುದಿಲ್ಲ. ನೇಲ್ ಪಾಲಿಶ್ ಅಥವಾ ವಿನೆಗರ್ ಮೂಗಿಗೆ ಚುಚ್ಚಿದರೆ ಆವಿಯಾಗುವ ಹುಳಿ ಮಿತಿ ಮೀರಿದೆ. ಕುದುರೆ ಲಾಯ, ಬ್ಯಾಂಡೇಜ್ ವಾಸನೆ ಬ್ರೆಟ್ ಅನ್ನುವ ಯೀಸ್ಟಿನದು. ಅದು ಚೂರೇ ಚೂರು ಇದ್ದರೆ ಕೆಲವರಿಗೆ ಇಷ್ಟ, ನನಗೆ ಇಷ್ಟವಿಲ್ಲ. ಸಣ್ಣ ವೈನರಿ ಅಂತ ಇದನ್ನೆಲ್ಲ ಕ್ಷಮಿಸಬೇಕಾಗಿಲ್ಲ.

ಕಣ್ಣಿಗೆ ಎಷ್ಟು ಬೇಕೋ ಅಷ್ಟು

ಬಿಳಿ ಕಾಗದದ ಮೇಲೆ ಗ್ಲಾಸು ಓರೆ ಮಾಡಿ ಅಂಚು ನೋಡಿ. ನೇರಳೆ ಬಣ್ಣ ಇದ್ದರೆ ಎಳೆಯದು, ಇಟ್ಟಿಗೆ ಬಣ್ಣಕ್ಕೆ ತಿರುಗಿದ್ದರೆ ವಯಸ್ಸಾಗಿದೆ ಅಥವಾ ಶಾಖ ತಿಂದಿದೆ. ಎರಡು ವರ್ಷದ ವೈನಿನಲ್ಲೇ ಇಟ್ಟಿಗೆ ಬಣ್ಣ ಕಂಡರೆ ಅಂಗಡಿಯವರ ಮೇಲೆ ಸಂಶಯ ಪಡಿ. ಗ್ಲಾಸಿನ ಒಳಗೋಡೆಯಲ್ಲಿ ಇಳಿಯುವ ಹನಿಗಳನ್ನು ತೋರಿಸಿ ‘ಭಾರಿ ವೈನ್’ ಅನ್ನುವವರಿಗೆ ತಲೆಯಾಡಿಸಿ ಸುಮ್ನಿರಿ. ಅದು ಮುಖ್ಯವಾಗಿ ಮದ್ಯಸಾರ ಎಷ್ಟಿದೆ ಅಂತ ಹೇಳುತ್ತದೆ, ಗುಣವನ್ನಲ್ಲ.

ಮೂಗಿಗೆ ಬಿಡುವು ಕೊಡಿ

ಹೆಚ್ಚಿನ ಹೊತ್ತು ಇಲ್ಲೇ ಕಳೆಯಬೇಕು. ಮೊದಲು ಗ್ಲಾಸು ಅಲುಗಿಸದೆ ಮೂಸಿ. ಆಮೇಲೆ ಮೇಜಿನ ಮೇಲಿಟ್ಟೇ ತಿರುಗಿಸಿ, ಮತ್ತೆ ಮೂಸಿ. ಉದ್ದನೆಯ ಉಸಿರು ಬೇಡ, ಎರಡು ಮೂರು ಚಿಕ್ಕ ಉಸಿರು. ನಡುವೆ ಅರ್ಧ ನಿಮಿಷ ಬಿಡಿ, ಮೂಗಿಗೂ ಬೇಗ ಮೊದ್ದುತನ ಬರುತ್ತದೆ. ಎಲ್ಲರೂ ಒಟ್ಟಿಗೆ ಬಾಯಿ ಬಿಡಬೇಡಿ. ಮೊದಲು ಬರೆಯಿರಿ, ಆಮೇಲೆ ಹೇಳಿ. ಜೋರು ದನಿಯವರು ‘ಚಾಕೊಲೇಟ್’ ಅಂದುಬಿಟ್ಟರೆ ಉಳಿದವರಿಗೂ ಚಾಕೊಲೇಟೇ ಬರುತ್ತದೆ.

ಹುಡುಕುವಾಗ ಗುಂಪು ಗುಂಪಾಗಿ ಹೋಗಿ. ಮೊದಲು ಹಣ್ಣು. ನೇರಳೆ, ಹಿಪ್ಪುನೇರಳೆ, ಕಪ್ಪು ದ್ರಾಕ್ಷಿಯ ಸಿಪ್ಪೆ, ಪ್ಲಮ್. ಅದು ಹಸಿ ಹಣ್ಣೋ, ಮಾಗಿದ್ದೋ, ಜಾಮೋ, ಒಣ ಅಂಜೂರವೋ? ಈ ಒಂದು ಪ್ರಶ್ನೆಗೆ ಉತ್ತರ ಸಿಕ್ಕರೆ ಬೆಳೆದ ಜಾಗದ ಬಿಸಿ ಎಷ್ಟು, ಕೊಯ್ದದ್ದು ಬೇಗವೋ ತಡವೋ ಅಂತ ಒಂದು ಅಂದಾಜು ಸಿಗುತ್ತದೆ. ವಿಜಯಪುರದ ರಾಯರು ಮನೆಯಲ್ಲಿ ಒಣದ್ರಾಕ್ಷಿ ಶೆಡ್ಡಿನ ನಡುವೆ ಬೆಳೆದವರು. ‘ಇದು ಬಳ್ಳ್ಯಾಗ ಜಾಸ್ತಿ ದಿನ ಇದ್ದದ್ದು ನೋಡ್ರಿ’ ಅಂತ ಮೂಸಿದ ಕೂಡಲೇ ಹೇಳುತ್ತಾರೆ.

ಎರಡನೆಯದು ಮರ. ಲವಂಗ, ವೆನಿಲಾ, ಹೊಗೆ ಇವು ಓಕ್‌ನಿಂದ ಬರುವವು. ಕೊಬ್ಬರಿ ಘಮ ಜೋರಾಗಿದ್ದರೆ ಅಮೆರಿಕದ ಓಕ್ ಇರಬಹುದು. ಹಣ್ಣಿಗಿಂತ ಮೊದಲು ಮರವೇ ಬಂದರೆ, ನನ್ನ ಮಟ್ಟಿಗೆ ಅದು ಸಣ್ಣ ವೈನರಿಗಳ ಅತಿ ದೊಡ್ಡ ತಪ್ಪು. ಒಳ್ಳೆಯ ಹಣ್ಣನ್ನು ಬೆಳೆದು ಹೊಸ ಬ್ಯಾರಲ್ಲಿನಲ್ಲಿ ಮುಳುಗಿಸಿಬಿಡುತ್ತಾರೆ. ಹಳೆಯ ಬ್ಯಾರಲ್ಲಿನಲ್ಲಿ ಇಟ್ಟಿದ್ದರೆ ಮರ ಹಿಂದೆ ನಿಂತು ಹಣ್ಣು ಮುಂದೆ ಬರುತ್ತದೆ.

ಮೂರನೆಯದು ಹಸಿರು. ಒಣಗಿದ ತುಳಸಿ, ಚಹಾ ಎಲೆ, ಹಸಿ ಕಡ್ಡಿಯ ವಾಸನೆ. ಗೊಂಚಲು ಸಮೇತ ಹುದುಗಿಸಿದಾಗ ತೊಟ್ಟಿನಿಂದ ಇದು ಬರುತ್ತದೆ. ತೊಟ್ಟು ಚೆನ್ನಾಗಿ ಬಲಿತಿದ್ದರೆ ಹೂವಿನ ಘಮವೂ ಸೇರಿ ಬಹಳ ಹಿತ. ಎಳೆಯದಾಗಿದ್ದರೆ ಕಹಿ. ವೈನರಿಯಲ್ಲಿ ಕೇಳಿ ಬರೆದಿಟ್ಟ ಉತ್ತರಕ್ಕೆ ಈಗ ಬೆಲೆ.

ನಾಲ್ಕನೆಯದು ಖಾರದ ವಾಸನೆ, ಅಂದರೆ ಕರಿಮೆಣಸು. ಸಿರಾದ ಸೊಗಡು ಅಂದರೆ ಇದೇ. ಇದರ ಹಿಂದಿನ ವಸ್ತುವಿನ ಹೆಸರು ರೋಟಂಡೋನ್. ಆಸ್ಟ್ರೇಲಿಯಾದ ವೈನ್ ಸಂಶೋಧನಾ ಸಂಸ್ಥೆಯವರು 2008ರಲ್ಲಿ ಇದನ್ನು ಪ್ರಕಟಿಸಿದರು. ನಮ್ಮ ಸಹ್ಯಾದ್ರಿಯ ಕರಿಮೆಣಸಿನ ಘಮದಲ್ಲಿರುವುದೂ ಇದೇ ವಸ್ತು. ಹಾಗಾಗಿ ‘ಮೆಣಸಿನ ವಾಸನೆ’ ಅನ್ನುವುದು ಕವಿಯ ಕಲ್ಪನೆಯಲ್ಲ. ಕೆಂಪು ವೈನಿನಲ್ಲಿ ಲೀಟರಿಗೆ 16 ನ್ಯಾನೊಗ್ರಾಂ ಇದ್ದರೂ ಮೂಗು ಹಿಡಿಯುತ್ತದೆ. ಅಂದರೆ ಒಂದು ಗ್ರಾಂ ಇದ್ದರೆ ಆರು ಕೋಟಿ ಲೀಟರಿಗೂ ಮಿಕ್ಕಿ ಸಾಕು.

ಅದೇ ಅಧ್ಯಯನದಲ್ಲಿ ಇನ್ನೂ ಒಂದು ಕಂಡಿತು. ಪರೀಕ್ಷೆಗೆ ಕೂತವರಲ್ಲಿ ಸುಮಾರು ಐದರಲ್ಲಿ ಒಬ್ಬರಿಗೆ, ಅಲ್ಲಿ ಹಾಕಿದ ಅತಿ ಹೆಚ್ಚಿನ ಪ್ರಮಾಣದಲ್ಲೂ ಇದರ ವಾಸನೆ ಬರಲೇ ಇಲ್ಲ. ಇದು ಗೊತ್ತಿಲ್ಲದೆ ನಮ್ಮಲ್ಲೊಂದು ಜಗಳವೇ ಆಗಿತ್ತು. ‘ಏನ್ರೀ, ಮೆಣಸಿನ ಸಾರು ಕುದ್ದಂಗ ವಾಸನಿ ಬರ್ತೈತಿ’ ಅಂತ ರಾಯರು. ‘ಎಂತದೂ ಇಲ್ಲ ಮಾರಾಯ್ರೆ, ನೀವು ಸುಮ್ನೆ ಹೇಳುದು’ ಅಂತ ನಮ್ಮ ಶಿರಸಿಯ ಗೆಳೆಯ, ಅದೂ ಅಡಿಕೆ ಮರಕ್ಕೆ ಮೆಣಸಿನ ಬಳ್ಳಿ ಹಬ್ಬಿಸಿದ ಮನೆಯವನು! ಇಬ್ಬರೂ ನಿಜವನ್ನೇ ಹೇಳುತ್ತಿದ್ದರು. ನಿಮ್ಮ ಕೂಟದಲ್ಲೂ ಯಾರಿಗಾದರೂ ಮೆಣಸು ಸಿಗದಿದ್ದರೆ ಒತ್ತಾಯಿಸಬೇಡಿ, ಹಣ್ಣು, ಹೊಗೆ ಹುಡುಕೋಕೆ ಬಿಡಿ.

ರೋಟಂಡೋನ್ ಇರುವುದು ಹೆಚ್ಚಾಗಿ ದ್ರಾಕ್ಷಿಯ ಸಿಪ್ಪೆಯಲ್ಲಿ. ತಂಪು ಜಾಗ, ತಂಪು ವರ್ಷ, ನೆರಳಿನ ಗೊಂಚಲು ಇದ್ದಲ್ಲಿ ಜಾಸ್ತಿ. ಬಿಸಿಲು ಕಾದಷ್ಟೂ ಕಡಿಮೆ. ಆದ್ದರಿಂದ ನಮ್ಮ ಬಿಸಿ ಊರುಗಳ ಶಿರಾಜ್‌ಗಳಲ್ಲಿ ಜಾಮ್ ಸಲೀಸಾಗಿ ಸಿಗುತ್ತದೆ, ಮೆಣಸು ಅಪರೂಪ. ನಮ್ಮ ಹವೆಯ, ಸಣ್ಣ ಪ್ರಮಾಣದಲ್ಲಿ ಮಾಡಿದ ಒಂದು ಬಾಟಲಿಯಲ್ಲಿ ಮೆಣಸು ಸ್ಪಷ್ಟವಾಗಿ ಸಿಕ್ಕಿತು ಅಂದರೆ ಯಾರೋ ಎಲೆಯನ್ನು ಯೋಚಿಸಿ ಉಳಿಸಿದ್ದಾರೆ, ಎತ್ತರದ ತುಂಡನ್ನು ಆರಿಸಿದ್ದಾರೆ, ಇಲ್ಲವೇ ಆ ಚಳಿಗಾಲ ನಿಜಕ್ಕೂ ಚಳಿಯಾಗಿತ್ತು. ಸಣ್ಣ ಪ್ರಮಾಣದ ವೈನಿಗೆ ನಾನು ಜಾಸ್ತಿ ದುಡ್ಡು ಕೊಡುವುದು ಇದಕ್ಕೇ.

ಮೂಗಿಗೆ ಮಾದರಿ ಬೇಕಾದರೆ ಅಡುಗೆಮನೆಯಿಂದಲೇ ತನ್ನಿ. ಚಿಕ್ಕ ಬಟ್ಟಲುಗಳಲ್ಲಿ ಆಗಷ್ಟೇ ಕುಟ್ಟಿದ ಮೆಣಸು, ಲವಂಗ, ಒಣ ಅಂಜೂರ, ಚಹಾ ಪುಡಿ, ಸಿಕ್ಕರೆ ಕಪ್ಪು ಆಲಿವ್. ಬಟ್ಟಲು ಮೂಸಿ, ಗ್ಲಾಸು ಮೂಸಿ. ಹೊಸಬರಿಗೆ ಇದರಿಂದ ಒಂದೇ ಸಂಜೆಯಲ್ಲಿ ದಾರಿ ತೆರೆಯುತ್ತದೆ.

ಬಾಯಿಗೆ

ದೊಡ್ಡ ಗುಟುಕು ತೆಗೆದುಕೊಳ್ಳಿ, ಬಾಯಿತುಂಬ ಆಡಿಸಿ. ತುಟಿ ಚೂರು ತೆರೆದು ಗಾಳಿ ಒಳಗೆಳೆಯಿರಿ. ಸದ್ದಾಗುತ್ತದೆ, ಆಗಲಿ. ಬಿಸಿ ಸಾರು ಹೀರುವ ನಮಗೆ ಅದರಲ್ಲಿ ಮುಜುಗರ ಯಾಕೆ?

ಹುಳಿ ನೋಡಬೇಕಾದ್ದು ದವಡೆಯ ಪಕ್ಕದಲ್ಲಿ. ಉಗುಳಿದ ಮೇಲೆ ಜೊಲ್ಲು ಎಷ್ಟು ಬೇಗ ಊರುತ್ತದೆ ನೋಡಿ. ಬಿಸಿ ಊರಿನ ವೈನುಗಳಲ್ಲಿ ಹುಳಿಯನ್ನು ಆಮೇಲೆ ಸೇರಿಸುವ ಪದ್ಧತಿ ಇದೆ. ಹದವಾಗಿ ಸೇರಿಸಿದರೆ ಗೊತ್ತಾಗುವುದಿಲ್ಲ. ಹದ ತಪ್ಪಿದರೆ ಹಣ್ಣೊಂದು ಕಡೆ, ಹುಳಿಯೊಂದು ಕಡೆ ನಿಲ್ಲುತ್ತದೆ.

ಟ್ಯಾನಿನ್ ಅಂದರೆ ಒಗರು. ಅದು ಜೊಲ್ಲಿನ ಪ್ರೋಟೀನನ್ನು ಹಿಡಿದುಕೊಂಡು ಬಾಯಿ ಒಣಗಿಸುತ್ತದೆ. ನಾಲಿಗೆಯನ್ನು ವಸಡಿನ ಮೇಲೆ ಆಡಿಸಿ. ರೇಷ್ಮೆಯೋ, ಖಾದಿಯೋ, ಗೋಣಿತಾಟೋ? ಒಳ್ಳೆಯ ಸಿರಾದಲ್ಲಿ ಒಗರು ಇರಬೇಕು, ಆದರೆ ನಯವಾಗಿ. ವಸಡು ಬಿಟ್ಟು ಬರೀ ಗಂಟಲ ಹಿಂದೆ ಕಹಿಯಾಗಿ ಹಿಡಿದರೆ ಎಳೆ ತೊಟ್ಟು ಅಥವಾ ಜೋರಾಗಿ ಹಿಂಡಿದ ಬೀಜದ್ದು.

ಮದ್ಯಸಾರ ಗಂಟಲಲ್ಲಿ ಬೆಚ್ಚಗಿದ್ದರೆ ಸರಿ, ಉರಿದರೆ ಹೆಚ್ಚಾಯಿತು. ಹಾಗಾದಾಗ ಮೊದಲು ವೈನಿನ ತಾಪ ನೋಡಿ, ಆಮೇಲೆ ದೂರಿ.

ಮೂಗು ಹಿಡಿದುಕೊಂಡು ಒಂದು ಗುಟುಕು ಕುಡಿಯಿರಿ. ಹುಳಿ, ಒಗರು, ಬಿಸಿ ಮಾತ್ರ ಸಿಗುತ್ತದೆ. ಮೂಗು ಬಿಡಿ. ಹಣ್ಣು, ಮೆಣಸು ಎಲ್ಲ ಒಮ್ಮೆಲೇ ಗಂಟಲ ಹಿಂದಿನಿಂದ ನುಗ್ಗಿ ಬರುತ್ತದೆ. ಮಕ್ಕಳಿಗೆ ದ್ರಾಕ್ಷಿ ರಸದಲ್ಲಿ ಇದೇ ಆಟ ಆಡಿಸಬಹುದು.

ಉಗುಳಿದ ಅಥವಾ ನುಂಗಿದ ಮೇಲೆ ರುಚಿ ಎಷ್ಟು ಹೊತ್ತು ಉಳಿಯುತ್ತದೆ ಅಂತ ಮನಸ್ಸಿನಲ್ಲೇ ಎಣಿಸಿ. ಅಳತೆಗೋಲಿನ ಬಾಟಲಿಯದನ್ನೂ ಎಣಿಸಿ. ಬರೀ ಉದ್ದ ಸಾಲದು, ಕೊನೆಗೆ ಉಳಿದದ್ದು ಏನು ಅನ್ನುವುದೂ ಮುಖ್ಯ. ಮರವೇ ಉಳಿದರೆ ಅಂಕ ಕಡಿಮೆ. ಹಣ್ಣು ಹೋಗಿ ಮೆಣಸು, ಆಮೇಲೆ ಚೂರು ಉಪ್ಪುಪ್ಪು ಉಳಿದರೆ, ಅಂಥದ್ದಕ್ಕೆ ನಾನು ಎರಡನೇ ಬಾಟಲಿ ಕೊಳ್ಳುತ್ತೇನೆ.

ಈ ಕ್ರಮವನ್ನು ಅರ್ಧ ಗಂಟೆ, ಒಂದೂವರೆ ಗಂಟೆಯ ಗ್ಲಾಸುಗಳಲ್ಲೂ ಮಾಡಿ. ಬದಲಾದದ್ದನ್ನು ಮಾತ್ರ ಬರೆದರೆ ಸಾಕು. ನಮ್ಮ ಅನುಭವದಲ್ಲಿ ಬೇರೆ ಬೇರೆ ವೈನ್‌ಗಳ ನಡುವಿನ ವ್ಯತ್ಯಾಸಕ್ಕಿಂತ ಒಂದೇ ವೈನಿನ ಮೊದಲ ಗ್ಲಾಸಿಗೂ ಮೂರನೆಯದಕ್ಕೂ ವ್ಯತ್ಯಾಸ ಹೆಚ್ಚಿರುವುದುಂಟು. ಪೇಪರ್ ಬಿಚ್ಚುವುದು ಮೂರನೇ ಗ್ಲಾಸಿನ ಮೇಲೆ.

ಊಟದ ಜೊತೆ

ಊಟ ಏನಿದ್ದರೂ ವೈನ್ ಸವಿದು ನೋಡಿದ ಮೇಲೆ, ಅದರ ಜೊತೆಗಲ್ಲ. ಆದರೆ ಊಟದ ಹೊತ್ತಿಗೂ ಒಂದು ಗ್ಲಾಸು ಉಳಿಸಿಕೊಂಡಿರಿ.

ಒಣಮೆಣಸಿನಕಾಯಿಯ ಖಾರ ಮದ್ಯಸಾರದ ಉರಿಯನ್ನು, ಒಗರನ್ನು ಎತ್ತಿ ಹಿಡಿಯುತ್ತದೆ. ಕೊಲ್ಹಾಪುರದ ತಾಂಬಡಾ ರಸ್ಸಾ ಜೊತೆ ಸಿರಾ ಕುಡಿದರೆ ಎರಡೂ ಹಾಳು. ಬ್ಯಾಡಗಿ ಮೆಣಸಿನಲ್ಲಿ ಬಣ್ಣ ಜಾಸ್ತಿ, ಖಾರ ಕಡಿಮೆ. ಹಾಗಾಗಿ ಬ್ಯಾಡಗಿಯಲ್ಲಿ ಮಾಡಿದ ಕೋಳಿ ಸುಕ್ಕ ನಡೆಯುತ್ತದೆ. ಕರಿಮೆಣಸಿನ ಅಡುಗೆ ಇದಕ್ಕೆ ಹೇಳಿಮಾಡಿಸಿದ್ದು. ನನ್ನ ಕೇಳಿದರೆ ಕೊಡಗಿನ ಪಂದಿ ಕರಿಯೇ ಮೊದಲು. ಮೆಣಸು, ಹುರಿದ ಮಸಾಲೆಯ ಕಪ್ಪು ಬಣ್ಣ, ಕೊಬ್ಬು, ಕಾಚಂಪುಳಿಯ ಹುಳಿ ಎಲ್ಲ ಸೇರುತ್ತದೆ. ಕೊಬ್ಬು, ಪ್ರೋಟೀನು, ಉಪ್ಪು ಒಗರನ್ನು ಮೆತ್ತಗಾಗಿಸುತ್ತವೆ.

ಸಸ್ಯಾಹಾರಿಗಳಿಗೆ ಅಣಬೆ ಪೆಪ್ಪರ್ ಫ್ರೈ, ಕೆಂಡದಲ್ಲಿ ಸುಟ್ಟ ಬದನೆಕಾಯಿ, ಎಣ್ಣೆಗಾಯಿ ಜೊತೆ ಜೋಳದ ರೊಟ್ಟಿ. ಹೆಚ್ಚು ತುಪ್ಪ, ಮೆಣಸು ಹಾಕಿದ ಖಾರ ಪೊಂಗಲ್ ಕೂಡ ಚೆನ್ನ, ನಂಬಿ. ಸಾಂಬಾರು, ನಿಂಬೆ ಉಪ್ಪಿನಕಾಯಿ, ಹೋಳಿಗೆ ಆ ದಿನ ಬೇಡ. ಸಿಹಿಯ ಮುಂದೆ ವೈನ್ ಹುಳಿಹುಳಿ, ಕಹಿಕಹಿ.

ಮರುದಿನದ ಗ್ಲಾಸು

ಉಳಿದದ್ದನ್ನು ಕಾಲು ಲೀಟರಿನ ಚಿಕ್ಕ ಗಾಜಿನ ಬಾಟಲಿಗೆ ಬಾಯಿತನಕ ತುಂಬಿ, ಬಿಗಿಯಾಗಿ ಮುಚ್ಚಿ ಫ್ರಿಜ್‌ನಲ್ಲಿಡಿ. ಒಳಗೆ ಗಾಳಿಗೆ ಜಾಗ ಇರಬಾರದು. ಮರುದಿನ ಸಂಜೆ ಅರ್ಧ ಗಂಟೆ ಮೊದಲು ಹೊರತೆಗೆದು ಕುಡಿಯಿರಿ. ಚೆನ್ನಾಗಿ ಮಾಡಿದ ಸಿರಾ ಎರಡನೇ ದಿನ ಇನ್ನಷ್ಟು ತೆರೆದುಕೊಂಡಿರುತ್ತದೆ. ಮೊದಲ ದಿನ ಘಮಘಮ ಅನ್ನಿಸಿ ಎರಡನೇ ದಿನ ಸಪ್ಪೆಯಾದರೆ ಆ ವೈನನ್ನು ಬೇಗ ಕುಡಿದು ಮುಗಿಸಬೇಕು, ಇಟ್ಟು ಕಾಯುವಂಥದ್ದಲ್ಲ. ಕಾಯಬೇಕೋ ಬೇಡವೋ ಅಂತ ತಿಳಿಯಲು ನನಗೆ ಗೊತ್ತಿರುವ ಅಗ್ಗದ ಪರೀಕ್ಷೆ ಇದೇ. ಮೂರನೇ ದಿನಕ್ಕೂ ಉಳಿದರೆ ಮಟನ್ ಸಾರಿಗೆ ಸುರಿಯಿರಿ.

ಎರಡನೇ ದಿನವೂ ಗೆದ್ದ ಬಾಟಲಿಯಾದರೆ ವೈನರಿಗೆ ಅವತ್ತೇ ಫೋನ್ ಮಾಡಿ. ಮುನ್ನೂರು ಬಾಟಲಿಯ ವೈನ್ ದೀಪಾವಳಿ ತನಕ ಕಾಯುವುದಿಲ್ಲ. ಸಿಕ್ಕಿದ್ದನ್ನು ಫ್ರಿಜ್ಜಿನ ಮೇಲೆ ಇಡಬೇಡಿ, ಅದು ಮನೆಯಲ್ಲೇ ಅತಿ ಬಿಸಿ ಜಾಗಗಳಲ್ಲೊಂದು. ಬೆಡ್‌ರೂಮಿನ ಕಪಾಟಿನ ತಳದ ಹಲಗೆ, ಹೊರಗೋಡೆಗೆ ತಾಗದ ಕಡೆ ಒಳ್ಳೆಯದು. ಕಾರ್ಕ್ ಇದ್ದರೆ ಮಲಗಿಸಿ, ತಿರುಪು ಮುಚ್ಚಳವಾದರೆ ನಿಲ್ಲಿಸಿದರೂ ನಡೆಯುತ್ತದೆ. ಪುಣೆಯ ಒಂದು ಬೇಸಿಗೆಯನ್ನು ಅದು ಹೇಗೋ ದಾಟುತ್ತದೆ. ಎರಡು ಬೇಸಿಗೆ ದಾಟಿಸುವ ಆಸೆ ಇದ್ದರೆ ವೈನ್ ಫ್ರಿಜ್ ಇರುವ ಗೆಳೆಯರನ್ನು ಹುಡುಕಿಕೊಳ್ಳಿ.